ಹಳೇದನ್ನೇ ರಿಪೇರಿ ಮಾಡಿಸೋದಾ, ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಹೊಸದಕ್ಕೇ ದುಡ್ಡು ಹಾಕೋದಾ?

ಮನೆಯಲ್ಲಿ ಫ್ರಿಜ್ಜೋ ಫೋನೋ ಕೈ ಕೊಟ್ಟಿತು ಅಂದ ತಕ್ಷಣ ಸಲಹೆಗಳ ಮಳೆ ಸುರಿಯುತ್ತದೆ. ಒಬ್ಬರು ರಿಪೇರಿ ಮಾಡಿಸು ಅನ್ನುತ್ತಾರೆ. ಇನ್ನೊಬ್ಬರು ಹಳೇದಕ್ಕೆ ಯಾಕೆ ದುಡ್ಡು ಸುರಿಯುತ್ತೀಯ, ಸೇಲ್ ಬರ್ತಾ ಇದೆ, ಹೊಸದು ತಗೋ ಅನ್ನುತ್ತಾರೆ. ಮತ್ತೊಬ್ಬರಿಗೆ ಗೊತ್ತಿರುವವರ ಹತ್ತಿರ ಯಾವಾಗಲೂ ಒಂದು ‘ಒಳ್ಳೆ ಕಂಡೀಷನ್’ ಸೆಕೆಂಡ್ ಹ್ಯಾಂಡ್ ಇರುತ್ತದೆ. ಎಲ್ಲರೂ ಅವರವರಿಗೆ ಆದದ್ದನ್ನು ಹೇಳುತ್ತಾರೆ. ದುಡ್ಡು ಹೋಗುವುದು ಮಾತ್ರ ನಿಮ್ಮ ಜೇಬಿನಿಂದ. ಹಾಗಾಗಿ ಲೆಕ್ಕವನ್ನು ನೀವೇ ಹಾಕಿಕೊಳ್ಳಬೇಕು. ಲೆಕ್ಕ ಕಷ್ಟದ್ದೇನಲ್ಲ, ಕೂಡುವುದು ಭಾಗಿಸುವುದು ಬಂದರೆ ಸಾಕು.

ಬೆಲೆಗಳು ಒಂದೊಂದು ಕಡೆ ಒಂದೊಂದು ಥರ ಇರುತ್ತವೆ. ಅದಕ್ಕೆ ಇಲ್ಲಿ ಎಲ್ಲ ಕಡೆ ಹೊಸ ವಸ್ತುವಿನ ಬೆಲೆ 100 ಅಂತ ಇಟ್ಟುಕೊಳ್ಳುತ್ತೇನೆ. ನೀವು ಆ ಜಾಗದಲ್ಲಿ ನಿಮ್ಮ ಬೆಲೆ ಹಾಕಿಕೊಳ್ಳಿ.

ಮೊದಲು ಯಾವುದನ್ನು ಅಳೆಯಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು, ವರ್ಷಕ್ಕೆ ಎಷ್ಟು ಬೀಳುತ್ತದೆ ಅನ್ನುವುದು. ಕೊಟ್ಟ ಬೆಲೆಗೆ ಮುಂದಿನ ರಿಪೇರಿ ಖರ್ಚು ಸೇರಿಸಿ, ಕೊನೆಗೆ ಮಾರಿದರೆ ಎಷ್ಟು ಬರಬಹುದೋ ಅದನ್ನು ಕಳೆಯಿರಿ. ಉಳಿದದ್ದನ್ನು ಬಳಸುವ ವರ್ಷಗಳಿಂದ ಭಾಗಿಸಿ. ಅಷ್ಟೇ. ಹೊಸದು 100, ಎಂಟು ವರ್ಷ ಬರುತ್ತದೆ ಅಂದರೆ ವರ್ಷಕ್ಕೆ 12.5. ಅದೇ ವಸ್ತು ಸೆಕೆಂಡ್ ಹ್ಯಾಂಡ್‌ನಲ್ಲಿ 45ಕ್ಕೆ ಸಿಕ್ಕಿತು, ನಡುವೆ ಒಂದು ರಿಪೇರಿಗೆ 10 ಹೋಯಿತು, ನಾಲ್ಕು ವರ್ಷ ಬಂತು ಅಂದರೆ ವರ್ಷಕ್ಕೆ 13.75. ಅರ್ಧ ಬೆಲೆಗೂ ಕಮ್ಮಿಗೆ ಸಿಕ್ಕಿತು ಅಂತ ಖುಷಿಪಟ್ಟದ್ದು ಕೊನೆಗೆ ಹೊಸದಕ್ಕಿಂತ ಜಾಸ್ತಿಯೇ ಬಿತ್ತು, ನೋಡಿ. ಅಂಗಡಿಯ ಬೆಲೆ ಚೀಟಿ ಇದನ್ನು ಹೇಳುವುದಿಲ್ಲ.

ಎರಡನೆಯದು, ಓಡಿಸುವ ಖರ್ಚು. ಕರೆಂಟು, ಇಂಕು, ಫಿಲ್ಟರ್, ಪೆಟ್ರೋಲು, ಏನೇ ಇರಲಿ. ದಿನಕ್ಕೆ ಕೆಲವೇ ನಿಮಿಷ ಓಡುವ ವಸ್ತುವಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇಡೀ ದಿನ ಓಡುವ ಫ್ರಿಜ್ಜಿಗೆ ಕೆಲವೊಮ್ಮೆ ಬೆಲೆಗಿಂತ ಇದೇ ದೊಡ್ಡದು.

ಮೂರನೆಯದು, ಅದು ಇದ್ದಕ್ಕಿದ್ದಂತೆ ನಿಂತರೆ ನಿಮ್ಮ ಗತಿ ಏನು ಅನ್ನುವುದು. ಟಿವಿ ವಾರ ಕೆಟ್ಟರೂ ಜೀವನ ಸಾಗುತ್ತದೆ. ಕೆಲಸವೇ ಲ್ಯಾಪ್‌ಟಾಪ್ ಮೇಲೆ ನಿಂತಿದ್ದರೆ ಎರಡು ದಿನವೂ ಕಷ್ಟ. ಕೊನೆಯದಾಗಿ ನಿಮ್ಮ ಸಮಯ. ಹುಡುಕಲು, ಚೌಕಾಸಿ ಮಾಡಲು, ರಿಪೇರಿ ಅಂಗಡಿಗೆ ಓಡಾಡಲು ಸಮಯ ಬೇಕು. ಅದು ಇರುವವರಿಗೆ ಸೆಕೆಂಡ್ ಹ್ಯಾಂಡ್ ಲಾಭ, ಇಲ್ಲದವರಿಗೆ ತಲೆನೋವು.

ರಿಪೇರಿ

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದು, ಜನ ಎಲ್ಲಕ್ಕಿಂತ ಬೇಗ ಕೈಬಿಡುವುದೂ ಇದನ್ನೇ.

ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಬೇಡ ಅನ್ನುವ ಮಾತು ಕೇಳಿರುತ್ತೀರಿ. ಅಂದಾಜಿಗೆ ಸರಿ, ಆದರೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. 50 ಕೊಟ್ಟು ಮುಖ್ಯ ಭಾಗವನ್ನೇ ಬದಲಿಸಿ ಇನ್ನೂ ಆರು ವರ್ಷ ಬಂದರೆ ವರ್ಷಕ್ಕೆ 8.3 ಬಿತ್ತು, ಹೊಸದಕ್ಕಿಂತ ಅಗ್ಗ. 25 ಕೊಟ್ಟು ಒಂದೇ ವರ್ಷ ಬಂದರೆ 25 ಬಿತ್ತು, ಹೊಸದರ ಎರಡರಷ್ಟು. ಹಾಗಾಗಿ ರಿಪೇರಿಯವರನ್ನು ಎಷ್ಟಾಗುತ್ತದೆ ಅಂತ ಕೇಳಿ ಸುಮ್ಮನಾಗಬೇಡಿ, ಆಮೇಲೆ ಎಷ್ಟು ದಿನ ಬರುತ್ತದೆ ಅಂತಲೂ ಕೇಳಿ. ಹೊಸದು ವರ್ಷಕ್ಕೆ 12.5 ಬೀಳುವಾಗ, 20 ಕೊಟ್ಟು ಮಾಡಿಸಿದ ರಿಪೇರಿ ಒಂದೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬಂದರೂ ಗಿಟ್ಟಿತು ಅಂತಲೇ ಲೆಕ್ಕ.

ಯಾವ ಭಾಗ ಹೋಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸೀಲಿಂಗ್ ಫ್ಯಾನ್ ನಿಧಾನವಾಯಿತು ಅಂದರೆ ಹೆಚ್ಚಾಗಿ ಕೆಪಾಸಿಟರ್ ಸೋತಿರುತ್ತದೆ, ಪುಟ್ಟ ಭಾಗ, ಖರ್ಚೂ ಪುಟ್ಟದು. ವಾಷಿಂಗ್ ಮಷೀನಿನಲ್ಲಿ ನೀರು ಹೊರಗೆ ಹೋಗದಿದ್ದರೆ ಮೊದಲು ಫಿಲ್ಟರ್ ಬಿಚ್ಚಿ ನೋಡಿ, ನಾಣ್ಯವೋ ಗುಂಡಿಯೋ ಸಿಕ್ಕಿಕೊಂಡಿರಬಹುದು. ಅದೇ ಡ್ರಮ್ಮಿನ ಬೇರಿಂಗ್ ಹೋಗಿ ತಿರುಗುವಾಗ ಗರಗರ ಸದ್ದು ಬರುತ್ತಿದ್ದರೆ ಇಡೀ ಮಷೀನು ಬಿಚ್ಚಬೇಕು, ಕೂಲಿಯೇ ದೊಡ್ಡ ಮೊತ್ತವಾಗುತ್ತದೆ. ಫ್ರಿಜ್ಜಿನಲ್ಲಿ ಬಾಗಿಲ ರಬ್ಬರ್ ಅಥವಾ ಥರ್ಮೋಸ್ಟಾಟ್ ಆದರೆ ಧೈರ್ಯವಾಗಿ ಮಾಡಿಸಿ. ಕಂಪ್ರೆಸರ್ ಹೋಗಿದ್ದು ಫ್ರಿಜ್ಜಿಗೂ ಹತ್ತು ವರ್ಷ ದಾಟಿದ್ದರೆ ಮೂಗಿಗಿಂತ ಮೂಗುತಿ ಭಾರ.

ಬಾಗಿಲ ರಬ್ಬರನ್ನು ನೀವೇ ನೋಡಬಹುದು. ಒಂದು ಕಾಗದದ ಹಾಳೆಯನ್ನು ಅರ್ಧ ಒಳಗೆ, ಅರ್ಧ ಹೊರಗೆ ಬರುವಂತೆ ಇಟ್ಟು ಬಾಗಿಲು ಹಾಕಿ. ನಿಧಾನವಾಗಿ ಎಳೆಯಿರಿ. ಹಿಡಿದುಕೊಂಡಂತೆ ಬಿಗಿಯಾಗಿ ಬಂದರೆ ಸರಿ ಇದೆ, ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಹೊರಗೆ ಹೋಗುತ್ತಿದೆ. ಬಾಗಿಲಿನ ಸುತ್ತ ನಾಲ್ಕೈದು ಕಡೆ ಹೀಗೆ ಮಾಡಿ ನೋಡಿ. ಹಿಂದಿನ ಕೊಳವೆಗಳ ಮೇಲೆ ಕೂತ ಧೂಳನ್ನೂ ಒರೆಸಿ, ಪ್ಲಗ್ ಕಿತ್ತ ಮೇಲೆ. ತಂಪಾಗುತ್ತಿಲ್ಲ ಅನ್ನುವ ಎಷ್ಟೋ ಫ್ರಿಜ್ಜುಗಳ ಕಾಯಿಲೆ ಇಷ್ಟೇ.

ಮೈಕ್ರೋವೇವ್ ಓವನ್ ಒಂದನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅಂಗಡಿಗೆ ಕೊಡುವಾಗ ಭಾಗದ ಬೆಲೆ ಎಷ್ಟು, ಕೂಲಿ ಎಷ್ಟು ಅಂತ ಬೇರೆಬೇರೆಯಾಗಿ ಕೇಳಿ. ತೆಗೆದ ಹಳೇ ಭಾಗ ವಾಪಸ್ ಬೇಕು ಅಂತ ಮೊದಲೇ ಹೇಳಿ. ಇಷ್ಟು ಹೇಳಿದರೆ ಸಾಕು, ಸುಮ್ನೆ ಬದಲಿಸಿದೆ ಅನ್ನುವ ಬಿಲ್ಲುಗಳು ಅರ್ಧ ಕಮ್ಮಿಯಾಗುತ್ತವೆ. ರಿಪೇರಿಗೆ ವಾರಂಟಿ ಎಷ್ಟು ದಿನ ಅನ್ನುವುದನ್ನು ಬಿಲ್ಲಿನಲ್ಲೇ ಬರೆಸಿ. ಇನ್ನೊಂದು ವಿಷಯ: ಈಗಾಗಲೇ ಮೂರು ಸಲ ದುಡ್ಡು ಹಾಕಿದ್ದೇನೆ, ಈಗ ಬಿಟ್ಟರೆ ಅದೆಲ್ಲ ದಂಡ ಅಲ್ವಾ ಅನ್ನುವವರಿದ್ದಾರೆ. ಹಾಕಿದ ದುಡ್ಡು ಆಗಲೇ ಹೋಗಿದೆ. ಇವತ್ತಿನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ, ಇನ್ನು ಮುಂದೆ ಹಾಕಬೇಕಾದದ್ದನ್ನು ಮಾತ್ರ ನೋಡಿ.

ಫೋನುಗಳ ವಿಷಯದಲ್ಲಿ ರಿಪೇರಿಯ ಕಾಲ ವಾಪಸ್ ಬರುತ್ತಿರುವ ಹಾಗಿದೆ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಅಲ್ಲಿ ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಮೊದಲಿನ 80% ಹಿಡಿದಿಟ್ಟುಕೊಳ್ಳಬೇಕು. ಬೇರೆ ಕಡೆ ಇರುವವರಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಫೋನ್ ನಿಧಾನವಾಯಿತು, ಚಾರ್ಜ್ ನಿಲ್ಲುತ್ತಿಲ್ಲ ಅಂತ ಹೊಸದಕ್ಕೆ ಹೋಗುವ ಮುಂಚೆ ಬ್ಯಾಟರಿ ಒಂದನ್ನೇ ಬದಲಿಸಿ ನೋಡುವುದಕ್ಕೆ ಯಾವ ಕಾನೂನೂ ಬೇಕಿಲ್ಲ.

ಸೆಕೆಂಡ್ ಹ್ಯಾಂಡ್

ಒಳಗೆ ಏನಾಗಿದೆ ಅಂತ ಹೊರಗಿಂದಲೇ ಕಾಣುವ ವಸ್ತುವಾದರೆ ಸೆಕೆಂಡ್ ಹ್ಯಾಂಡ್‌ಗೆ ಸಮನಾದದ್ದಿಲ್ಲ. ಮರದ ಮೇಜು, ಕುರ್ಚಿ, ಕಬ್ಬಿಣದ ಕಪಾಟು, ಸೈಕಲ್, ಪುಸ್ತಕ, ಮಕ್ಕಳ ಆಟಿಕೆ, ವ್ಯಾಯಾಮದ ಡಂಬೆಲ್. ಗಟ್ಟಿ ಮರದ ಮೇಜು ಐದು ವರ್ಷ ಹಳೇದಾದರೂ ಮೇಜಾಗಿಯೇ ಇರುತ್ತದೆ, ಬೆಲೆ ಮಾತ್ರ ಇಳಿದಿರುತ್ತದೆ. ಇನ್ನೊಂದು ಲಾಭ ಇದೆ. ಬೆಲೆ ಇಳಿಯುವುದೆಲ್ಲ ಮೊದಲ ಮಾಲೀಕರ ತಲೆ ಮೇಲೆ ಹೋಗಿರುವುದರಿಂದ, ನೀವು 40ಕ್ಕೆ ತೆಗೆದುಕೊಂಡು ಎರಡು ವರ್ಷದ ಮೇಲೆ 30ಕ್ಕೆ ಮಾರಿದರೆ ವರ್ಷಕ್ಕೆ ಬಿದ್ದದ್ದು ಬರೀ 5.

ಬೇಡವಾದವುಗಳ ಪಟ್ಟಿ ಚಿಕ್ಕದು, ಆದರೆ ಅದರಲ್ಲಿ ರಾಜಿ ಬೇಡ. ಹೆಲ್ಮೆಟ್ ಒಂದು ಸಲ ಜೋರಾಗಿ ಬಡಿದರೆ ಒಳಗಿನ ಫೋಮ್ ನುಜ್ಜಾಗಿರುತ್ತದೆ, ಹೊರಗೆ ಗೀರೂ ಕಾಣದಿರಬಹುದು. ಮಕ್ಕಳ ಕಾರ್ ಸೀಟ್ ಕೂಡ ಹಾಗೆಯೇ, ಅಪಘಾತ ಕಂಡಿದೆಯೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಹಾಸಿಗೆ ಅಂದರೆ ತಿಗಣೆಯ ಭಯ. ಟೈರ್ ಆದರೆ ಪಕ್ಕದಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹಲ್ಲು ಎಷ್ಟೇ ಚೆನ್ನಾಗಿ ಕಂಡರೂ ರಬ್ಬರಿಗೂ ವಯಸ್ಸಾಗುತ್ತದೆ.

ನಡುವೆ ಇರುವುದು ಫೋನು, ಲ್ಯಾಪ್‌ಟಾಪು. ಜನ ಕೈ ಸುಟ್ಟುಕೊಳ್ಳುವುದೂ ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫೋನ್ ಕೈಗೆ ಬಂದ ಮೇಲೆ *#06# ಒತ್ತಿ. ಐಎಂಇಐ ನಂಬರ್, ಅಂದರೆ ಪ್ರತಿ ಫೋನಿಗೂ ಬೇರೆಬೇರೆಯಾಗಿರುವ ಗುರುತಿನ ಸಂಖ್ಯೆ, ತೋರಿಸುತ್ತದೆ. ಡಬ್ಬಿ ಮೇಲೆ, ಬಿಲ್ಲಿನಲ್ಲಿ ಇರುವುದಕ್ಕೆ ತಾಳೆ ನೋಡಿ. ಬಿಲ್ಲೂ ಇಲ್ಲ, ಡಬ್ಬಿಯೂ ಇಲ್ಲ, ಮಾತು ಮಾತ್ರ ಜಾಸ್ತಿ ಅಂದರೆ ಎದ್ದು ಬನ್ನಿ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಆ ಕಡೆಯವರಿಗೆ ನಿಮ್ಮ ದನಿ ಸರಿಯಾಗಿ ಕೇಳುತ್ತಿದೆಯಾ ಕೇಳಿ. ಪೂರ್ತಿ ಬಿಳಿಯ ಚಿತ್ರ ಒಂದನ್ನು ತೆರೆದು ಪರದೆಯ ಮೇಲೆ ಕಲೆ, ನೆರಳು ಇದೆಯಾ ನೋಡಿ. ಚಾರ್ಜರ್ ಚುಚ್ಚಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಚಾರ್ಜ್ ಬಂದು ಬಂದು ಹೋಗುತ್ತಿದ್ದರೆ ಪೋರ್ಟ್ ಸಡಿಲವಾಗಿದೆ. ಬ್ಯಾಟರಿ ಎಷ್ಟು ಉಳಿದಿದೆ ನೋಡಿ: ಐಫೋನ್ 14 ಮತ್ತು ಅದಕ್ಕಿಂತ ಹಳೆಯವು 500 ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ 80%ಗೆ ಇಳಿಯುವ ಲೆಕ್ಕದಲ್ಲಿ ತಯಾರಾದವು, 15ರ ಸರಣಿಗೆ ಅದು 1000 ಸಲ ಅಂತ ಆಪಲ್ ಹೇಳುತ್ತದೆ. 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾರುವವರ ಬೆಲೆಯಿಂದಲೇ ಕಳೆಯಬೇಕು, ಆಮೇಲೆ ಚೌಕಾಸಿ ಶುರು. ಕೊನೆಗೆ ಅವರ ಖಾತೆಯಿಂದ ಲಾಗ್ ಔಟ್ ಮಾಡಿಸಿ, ನಿಮ್ಮ ಕಣ್ಣೆದುರೇ ರೀಸೆಟ್ ಮಾಡಿಸಿ. ಮನೆಗೆ ಹೋಗಿ ಮಾಡ್ತೀನಿ ಬಿಡಿ ಅಂತ ಹೇಳಿ ದುಡ್ಡು ಕೊಟ್ಟು ಬಂದರೆ, ಅವರ ಪಾಸ್‌ವರ್ಡ್ ಇಲ್ಲದೆ ಅದು ಫೋನಲ್ಲ, ಪೇಪರ್ ವೇಟ್.

ಇದೆಲ್ಲ ಸರಿಯಿದ್ದರೂ ಒಂದು ಉಳಿಯಿತು, ಅಪ್‌ಡೇಟ್ ಎಲ್ಲಿಯವರೆಗೆ ಬರುತ್ತದೆ ಅನ್ನುವುದು. ಗೂಗಲ್ 2023ರಲ್ಲಿ ಬಿಟ್ಟ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರಲ್ಲಿ ಬಿಟ್ಟ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷದ ಮಾತು ಕೊಟ್ಟಿವೆ. ಆ ಏಳು ವರ್ಷ ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಅಗ್ಗದ ಫೋನುಗಳಿಗೆ ಈ ಅವಧಿ ಇನ್ನೂ ಬಹಳ ಕಮ್ಮಿ ಇರುತ್ತದೆ. ಹಾಗಾಗಿ ಎಷ್ಟೋ ಸಲ ಹೊಸ ಅಗ್ಗದ ಫೋನಿಗಿಂತ ಎರಡು ವರ್ಷ ಹಳೆಯ ದುಬಾರಿ ಫೋನೇ ಜಾಸ್ತಿ ದಿನ ಬಾಳುತ್ತದೆ.

ಲ್ಯಾಪ್‌ಟಾಪ್ ವಿಷಯದಲ್ಲಿ ಈಗ ಒಂದು ವಿಶೇಷ ಹಳ್ಳ ಇದೆ, ಬೀಳಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಅದಿಲ್ಲದ ಲ್ಯಾಪ್‌ಟಾಪುಗಳು ನೋಡಲು ಚೆನ್ನಾಗಿಯೇ ಇರುತ್ತವೆ, ಅಗ್ಗಕ್ಕೂ ಸಿಗುತ್ತವೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಲು ಬರುವವರಿಗೆ ಅದು ನಿಜಕ್ಕೂ ಒಳ್ಳೆ ವ್ಯಾಪಾರ. ಉಳಿದವರು ಆ ಬೆಲೆ ನೋಡಿ ಮರುಳಾಗಬೇಡಿ.

ರಿಫರ್ಬಿಶ್ಡ್

ಇದು ಹೊಸದಕ್ಕೂ ಸೆಕೆಂಡ್ ಹ್ಯಾಂಡ್‌ಗೂ ನಡುವಿನದು. ಯಾರೋ ವಾಪಸ್ ಕೊಟ್ಟದ್ದನ್ನು ಪರೀಕ್ಷೆ ಮಾಡಿ, ಬೇಕಾದರೆ ರಿಪೇರಿ ಮಾಡಿ, ವಾರಂಟಿ ಜೊತೆ ಮತ್ತೆ ಮಾರುವುದು. 65ಕ್ಕೆ ಸಿಕ್ಕಿ ಐದು ವರ್ಷ ಬಂದರೆ ವರ್ಷಕ್ಕೆ 13. ಶುರುವಿನಲ್ಲಿ ಹೇಳಿದ 13.75ರ ಸೆಕೆಂಡ್ ಹ್ಯಾಂಡ್ ಉದಾಹರಣೆಗಿಂತ ಕಮ್ಮಿಯೇ ಬಿತ್ತು, ನಿದ್ದೆಯೂ ಚೆನ್ನಾಗಿ ಬರುತ್ತದೆ.

ಆದರೆ ಎ ಗ್ರೇಡ್, ಬಿ ಗ್ರೇಡ್ ಅಂತ ಬರೆದಿರುವುದು ಹೆಚ್ಚಾಗಿ ಮೈಮೇಲಿನ ಗೀರುಗಳ ಬಗ್ಗೆ. ಎಲ್ಲ ಮಾರಾಟಗಾರರಿಗೂ ಒಂದೇ ಅಳತೆ ಅಂತಿಲ್ಲ, ಒಬ್ಬರ ಎ ಇನ್ನೊಬ್ಬರ ಬಿ ಆಗಿರಬಹುದು. ನಾನಂತೂ ಆ ಅಕ್ಷರ ನೋಡುವುದೇ ಇಲ್ಲ. ವಾರಂಟಿ ಎಷ್ಟು ತಿಂಗಳು, ಇಷ್ಟವಾಗದಿದ್ದರೆ ಎಷ್ಟು ದಿನದೊಳಗೆ ವಾಪಸ್ ಮಾಡಬಹುದು, ಬ್ಯಾಟರಿ ಹೊಸದಾ ಹಳೇದಾ, ಈ ಮೂರು ಸಾಕು. ಒಂದು ವರ್ಷ ವಾರಂಟಿ ಕೊಡುವವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆ ಇದೆ. ಒಂದೇ ತಿಂಗಳು ಕೊಡುವವರ ವಸ್ತುವನ್ನು ಸೆಕೆಂಡ್ ಹ್ಯಾಂಡ್ ಅಂತಲೇ ತಿಳಿದು, ಆ ಬೆಲೆಗೇ ಕೇಳಿ. ಬಿ ಗ್ರೇಡ್ ಅಗ್ಗಕ್ಕಿದ್ದು ವಾರಂಟಿ ಒಂದೇ ಆಗಿದ್ದರೆ ಬಿ ಗ್ರೇಡೇ ತಗೊಳ್ಳಿ, ಹೇಗಿದ್ದರೂ ಕವರ್ ಹಾಕ್ತೀರಲ್ಲ.

ಹೊಸದು, ಈಗಲೋ ಸೇಲ್ ಬಂದಾಗಲೋ

ಹೊಸದು ತಗೊಳ್ಳುವುದೇ ಸರಿ ಅನ್ನುವ ಸಂದರ್ಭ ಬೇಕಾದಷ್ಟಿವೆ. ದಿನವಿಡೀ ಓಡುವ ವಸ್ತು, ಜೀವಕ್ಕೆ ಸಂಬಂಧಿಸಿದ್ದು, ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ ಅಂತ ಗೊತ್ತಿರುವುದು. ಫ್ರಿಜ್ಜನ್ನೇ ತಗೊಳ್ಳಿ. ಹಳೆಯದು ದಿನಕ್ಕೆ 2 ಯೂನಿಟ್ ಕರೆಂಟ್ ತಿನ್ನುತ್ತಿದೆ, ಅಷ್ಟೇ ದೊಡ್ಡ ಹೊಸದು 1 ಯೂನಿಟ್ ತಿನ್ನುತ್ತದೆ ಅಂದುಕೊಳ್ಳಿ, ವರ್ಷಕ್ಕೆ 365 ಯೂನಿಟ್ ಉಳಿಯಿತು. ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ ದರದಿಂದ ಗುಣಿಸಿ, ಎಷ್ಟು ವರ್ಷದಲ್ಲಿ ಹೊಸದರ ದುಡ್ಡು ವಾಪಸ್ ಬರುತ್ತದೆ ನೋಡಿ. ಐದಾರು ವರ್ಷದೊಳಗೆ ಬಂದರೆ ಬದಲಿಸಬಹುದು, ಹನ್ನೆರಡು ವರ್ಷ ಅಂದರೆ ಹಳೆಯದೇ ಓಡಲಿ. ಹಳೆಯದು ಎಷ್ಟು ತಿನ್ನುತ್ತದೆ ಅಂತ ತಿಳಿಯಲು ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಮೀಟರ್ ಸಿಗುತ್ತದೆ. ಪೂರ್ತಿ 24 ಗಂಟೆ ಇಟ್ಟು ಅಳೆಯಿರಿ. ಕಂಪ್ರೆಸರ್ ಆನ್ ಆಫ್ ಆಗುತ್ತಲೇ ಇರುವುದರಿಂದ ಹತ್ತು ನಿಮಿಷದ ಅಳತೆಗೆ ಅರ್ಥ ಇಲ್ಲ.

ಇನ್ನು ಸೇಲ್. ಗೀಟು ಎಳೆದ ದೊಡ್ಡ ಬೆಲೆ, ಅದರ ಪಕ್ಕ ಕೆಂಪಕ್ಷರದಲ್ಲಿ ಚಿಕ್ಕ ಬೆಲೆ. ಆ ಗೀಟು ಎಳೆದ ಅಂಕಿ ಅಲ್ಲಿರುವುದಕ್ಕೆ ಕಾರಣ ಇದೆ. ಟ್ವೆರ್ಸ್ಕಿ ಮತ್ತು ಕಾನೆಮನ್ ಅನ್ನುವ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರ ಎದುರು ಒಂದು ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. 10 ಕಂಡವರ ಉತ್ತರ 25ರ ಆಸುಪಾಸು, 65 ಕಂಡವರದ್ದು 45ರ ಆಸುಪಾಸು. ಚಕ್ರಕ್ಕೂ ಪ್ರಶ್ನೆಗೂ ಏನೇನೂ ಸಂಬಂಧ ಇರಲಿಲ್ಲ. ಗೀಟು ಎಳೆದ ಬೆಲೆಯೂ ಅದೇ ಚಕ್ರ. ಅದನ್ನು ಕೈಯಿಂದ ಮುಚ್ಚಿ, ಉಳಿದ ಬೆಲೆಗೆ ಈ ವಸ್ತು ತಗೊಳ್ತಿದ್ದೆನಾ ಅಂತ ಕೇಳಿಕೊಳ್ಳಿ.

ಕೆಲವು ಲೆಕ್ಕಗಳೂ ಕಣ್ಣಿಗೆ ಮಣ್ಣೆರಚುತ್ತವೆ. 50% ಜೊತೆಗೆ ಇನ್ನೂ 20% ಅಂದರೆ 70 ಅಲ್ಲ, 60. ಎರಡು ಕೊಂಡರೆ ಒಂದು ಉಚಿತ ಅಂದರೆ 33%, ಅದೂ ಮೂರೂ ಬೇಕಾಗಿದ್ದರೆ ಮಾತ್ರ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅಂತಿಲ್ಲ, ಕಿಲೋಗೋ ಲೀಟರಿಗೋ ಎಷ್ಟು ಬಿತ್ತು ನೋಡಿ. ಬೆಲೆ ನಿಜಕ್ಕೂ ಇಳಿದಿದೆಯಾ ಅಂತ ತಿಳಿಯಬೇಕಾದರೆ ಹಳೆಯ ಬೆಲೆಗಳ ದಾಖಲೆ ಬೇಕು. ಅಮೆಜಾನ್‌ನಲ್ಲಿ ಕೊಳ್ಳುವವರಿಗೆ ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಅನ್ನುವ ತಾಣಗಳು ಆ ಗ್ರಾಫ್ ತೋರಿಸುತ್ತವೆ. ಸೇಲಿಗೆ ಎರಡು ವಾರ ಮುಂಚೆ ಬೆಲೆ ಏರಿಸಿ ಸೇಲಿನ ದಿನ ಇಳಿಸುವ ಆಟ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈ ಆಟ ಎಷ್ಟು ಮಾಮೂಲು ಅಂದರೆ, ಯುರೋಪಿಯನ್ ಒಕ್ಕೂಟ 2022ರ ಮೇ 28ರಿಂದ ನಿಯಮವನ್ನೇ ಮಾಡಿದೆ: ರಿಯಾಯಿತಿ ಅಂತ ಹೇಳಬೇಕಾದರೆ ಅದಕ್ಕೂ ಹಿಂದಿನ ಕನಿಷ್ಠ 30 ದಿನಗಳಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಗ್ರಾಫ್ ಸಿಗದಿದ್ದರೆ ಸುಮ್ನೆ ಬೇಕಾದ ವಸ್ತುವಿನ ಇವತ್ತಿನ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಡಿ.

ಕಾಯುವುದು ಯಾವಾಗ ಸರಿ? ಹಳೆಯದು ಇನ್ನೂ ನಡೆಯುತ್ತಿದ್ದರೆ ಕಾಯಿರಿ. ಹೊಸ ಮಾಡೆಲ್ ಬಂದ ವಾರವೇ ಹಿಂದಿನ ವರ್ಷದ ಮಾಡೆಲ್ ಬೆಲೆ ಇಳಿಯುವುದು ಸಾಮಾನ್ಯ, ನನ್ನ ಪ್ರಕಾರ ಎಲ್ಲ ಸೇಲುಗಳಿಗಿಂತ ಒಳ್ಳೆಯದು ಅದೇ. ಫ್ರಿಜ್ಜು ಪೂರ್ತಿ ನಿಂತಿರುವಾಗ ತಿಂಗಳು ಕಾದು, ಅಷ್ಟು ದಿನ ಹಾಳಾದ ಸಾಮಾನು ಎಸೆಯುತ್ತಾ ಕೂರುವುದರಲ್ಲಿ ಉಳಿತಾಯ ಇಲ್ಲ.

ಬಿಲ್ ಹಾಕುವಾಗ ಕೇಳುವ ಎಕ್ಸ್‌ಟೆಂಡೆಡ್ ವಾರಂಟಿಗೆ ಹೆಚ್ಚಿನ ಸಲ ಬೇಡ ಅನ್ನಿ. ತಯಾರಿಕೆಯ ದೋಷ ಇದ್ದರೆ ಸಾಮಾನ್ಯವಾಗಿ ಮೊದಲ ವಾರಂಟಿಯೊಳಗೇ ಕಾಣಿಸಿಕೊಳ್ಳುತ್ತದೆ. ಪ್ರತಿ ವಸ್ತುವಿಗೂ ಕೊಡಬೇಕಿದ್ದ ಆ ದುಡ್ಡನ್ನು ಒಂದೇ ಕಡೆ ಇಟ್ಟುಕೊಂಡರೆ ಅದೇ ನಿಮ್ಮ ರಿಪೇರಿ ನಿಧಿ.

ಬಾಡಿಗೆ, ಎರವಲು

ಇಲ್ಲಿ ಲೆಕ್ಕ ಚಿಕ್ಕದು. ದಿನದ ಬಾಡಿಗೆ 5 ಆದರೆ 20 ದಿನ ಬಳಸಿದಾಗ ಹೊಸದರ ಬೆಲೆ ಮುಟ್ಟುತ್ತದೆ. ಕೊಂಡು ಆಮೇಲೆ 50ಕ್ಕೆ ಮಾರಬಹುದು ಅಂತಿದ್ದರೆ 10 ದಿನಕ್ಕೇ. ಗೋಡೆ ಕೊರೆಯುವ ಡ್ರಿಲ್, ಉದ್ದ ಏಣಿ, ಟೆಂಟು, ಒಂದೇ ಪ್ರವಾಸಕ್ಕೆ ಬೇಕಾದ ಕ್ಯಾಮೆರಾ ಲೆನ್ಸ್, ಇವೆಲ್ಲ ಬಾಡಿಗೆಗೇ ಸರಿ. ತಿಂಗಳ ಬಾಡಿಗೆಗೆ ಸಿಗುವ ಮಂಚ, ವಾಷಿಂಗ್ ಮಷೀನು ಒಂದು ವರ್ಷದೊಳಗೆ ಊರು ಬಿಡುವವರಿಗೆ ಮಾತ್ರ. ತಗೊಳ್ಳುವ ಮುಂಚೆಯೇ ಇರುವ ಗೀರುಗಳ ಫೋಟೋ ತೆಗೆದಿಡಿ, ಠೇವಣಿ ವಾಪಸ್ ಕೇಳುವಾಗ ಬೇಕಾಗುತ್ತದೆ.

ಯಾವುದೇ ಆದರೂ, ದುಡ್ಡು ಹೇಗೆ ಕೊಡುತ್ತೀರಿ

ಇಷ್ಟೆಲ್ಲ ಲೆಕ್ಕ ಹಾಕಿ ಉಳಿಸಿದ್ದನ್ನು ಕಂತು ನುಂಗಿಬಿಡಬಹುದು. 12% ಫ್ಲಾಟ್ ಬಡ್ಡಿ, ಹನ್ನೆರಡು ಕಂತು ಅಂದರೆ 100ಕ್ಕೆ ತಿಂಗಳಿಗೆ 9.33 ಕಟ್ಟುತ್ತೀರಿ. ಕೇಳಲು 12 ಅಷ್ಟೇ. ಆದರೆ ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಿದ್ದೀರಿ, ಬಡ್ಡಿ ಮಾತ್ರ ಕೊನೆಯ ತಿಂಗಳಿನವರೆಗೂ ಪೂರ್ತಿ 100ರ ಮೇಲೆಯೇ ಹಾಕಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ವರ್ಷಕ್ಕೆ 21% ದಾಟುತ್ತದೆ.

ಬಡ್ಡಿಯೇ ಇಲ್ಲದ ಕಂತಿನಲ್ಲೂ ಒಂದು ಪ್ರಶ್ನೆ ಕೇಳಿ: ಈಗಲೇ ಪೂರ್ತಿ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ? 94ಕ್ಕೆ ಕೊಡ್ತೀವಿ ಅಂದರೆ, 94ರ ಸಾಲಕ್ಕೆ ನೀವು ಒಂದು ವರ್ಷದಲ್ಲಿ 100 ಕಟ್ಟುತ್ತಿದ್ದೀರಿ. ಅದು ಸುಮಾರು 11.5% ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಬೇರೆ. ನಗದಿಗೂ ಕಂತಿಗೂ ಬೆಲೆ ಒಂದೇ, ಶುಲ್ಕವೂ ಇಲ್ಲ ಅಂದರೆ ಧಾರಾಳವಾಗಿ ಕಂತು ತಗೊಳ್ಳಿ. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡು ಕೊಳ್ಳುವುದಂತೂ ಎಲ್ಲಕ್ಕಿಂತ ದುಬಾರಿ ದಾರಿ. ತಿಂಗಳಿಗೆ 3% ಅಂದರೆ ವರ್ಷಕ್ಕೆ 36 ಅಲ್ಲ, ಚಕ್ರಬಡ್ಡಿ ಸೇರಿ 42 ದಾಟುತ್ತದೆ. ಆ ದರದಲ್ಲಿ ಯಾವ ಸೇಲೂ ಸೇಲಲ್ಲ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಮ್ಮಿ, ಸಮಯ ಇದೆ ಅನ್ನುವವರು ಮೊದಲು ರಿಪೇರಿ ಕೇಳಿ, ಆಮೇಲೆ ಸೆಕೆಂಡ್ ಹ್ಯಾಂಡ್ ಹುಡುಕಿ. ಅವಸರ ತೋರಿಸದಿದ್ದರೆ ಬೆಲೆಯೂ ಇಳಿಯುತ್ತದೆ. ದುಡ್ಡೂ ಕಮ್ಮಿ, ಸಮಯವೂ ಇಲ್ಲ, ಆದರೆ ಕೆಲಸ ನಿಲ್ಲುವಂತಿಲ್ಲ ಅನ್ನುವವರಿಗೆ ವರ್ಷದ ವಾರಂಟಿ ಇರುವ ರಿಫರ್ಬಿಶ್ಡ್. ಓದುವ ಮಕ್ಕಳ ಲ್ಯಾಪ್‌ಟಾಪಿಗೂ ನಾನು ಇದನ್ನೇ ಹೇಳುತ್ತೇನೆ. ಕಚೇರಿಗಳಿಂದ ಒಟ್ಟಿಗೆ ವಾಪಸ್ ಬಂದ ಬಿಸಿನೆಸ್ ಮಾಡೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ಗಟ್ಟಿಯಾಗಿರುತ್ತವೆ, ಬಿಚ್ಚಿ ಭಾಗ ಬದಲಿಸುವುದೂ ಸುಲಭ.

ಒಂದೇ ಕಡೆ ನೆಲೆ ನಿಂತಿರುವ ಸಂಸಾರಕ್ಕೆ ಫ್ರಿಜ್ಜು, ವಾಷಿಂಗ್ ಮಷೀನು ಹೊಸದೇ ಇರಲಿ, ಹೋದ ವರ್ಷದ ಮಾಡೆಲ್ ಆದರೂ ಪರವಾಗಿಲ್ಲ. ಮೇಜು ಕಪಾಟು ಸೆಕೆಂಡ್ ಹ್ಯಾಂಡ್ ಆಗಬಹುದು. ಎರಡು ಆಯ್ಕೆಗಳ ನಡುವೆ, ಹೊಸದು 100 ಅನ್ನುವ ನಮ್ಮ ಲೆಕ್ಕದಲ್ಲಿ, ವರ್ಷಕ್ಕೆ ಒಂದೋ ಎರಡೋ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಬಿಲ್ಲು ವಾರಂಟಿ ಇರುವುದನ್ನು ತಗೊಳ್ಳಿ. ಐದಕ್ಕಿಂತ ಜಾಸ್ತಿ ಬಂದರೆ ಅಗ್ಗದ್ದಕ್ಕೆ ಓಡಾಡುವುದರಲ್ಲಿ ಅರ್ಥ ಇದೆ.

ಪ್ರಿಂಟರ್ ಬಗ್ಗೆ ಕೇಳುವವರು ಜಾಸ್ತಿ, ಅದಕ್ಕೆ ಬೇರೆಯಾಗಿ ಹೇಳುತ್ತೇನೆ. ಅಗ್ಗದ ಇಂಕ್‌ಜೆಟ್‌ನಲ್ಲಿ ಕಂಪನಿಯವರು ದುಡ್ಡು ಮಾಡುವುದು ಪ್ರಿಂಟರ್ ಮಾರಿ ಅಲ್ಲ, ಕಾರ್ಟ್ರಿಜ್ ಮಾರಿ. ಅಪರೂಪಕ್ಕೆ ಬಳಸಿದರೆ ಇಂಕು ಒಣಗಿ ತುದಿ ಕಟ್ಟಿಕೊಳ್ಳುತ್ತದೆ. ದಿನಾ ಕಪ್ಪುಬಿಳುಪು ಪುಟಗಳು ಬೇಕಿದ್ದರೆ ಲೇಸರ್ ತಗೊಳ್ಳಿ, ಅದರಲ್ಲಿ ಇಂಕಿನ ಬದಲು ಇರುವ ಟೋನರ್ ಪುಡಿಯಾದ್ದರಿಂದ ಒಣಗುವ ಮಾತಿಲ್ಲ, ರಿಫರ್ಬಿಶ್ಡ್ ಸಿಕ್ಕರೂ ಸರಿ. ತಿಂಗಳಿಗೆ ನಾಲ್ಕೈದು ಪುಟ ಸಾಕು ಅನ್ನುವವರಿಗೆ ಇವು ಯಾವುದೂ ಬೇಡ. ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬನ್ನಿ.